ಏಳು ವರ್ಷಕ್ಕೊಮ್ಮೆ ನಾವು ಪೂರ್ತಿ ಹೊಸಬರಾಗುತ್ತೇವೆಯೇ?

‘ಏಳು ವರ್ಷಕ್ಕೊಮ್ಮೆ ದೇಹದ ಎಲ್ಲ ಜೀವಕೋಶಗಳೂ ಬದಲಾಗುತ್ತವೆ. ಹಾಗಾಗಿ ಹಳೆಯ ನೀವು ಈಗ ಇಲ್ಲ, ದೇಹ ಬರೀ ಬಾಡಿಗೆ ಮನೆ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಿರುತ್ತದೆ. ಇದರಲ್ಲಿ ಅಷ್ಟಿಷ್ಟು ನಿಜವಿದೆ, ತೊಂದರೆಯೂ ಅದೇ.

ಕರುಳಿನ ಒಳಪದರದ ಕೋಶಗಳು ಕೆಲವೇ ದಿನ ಬದುಕುತ್ತವೆ; ಕೆಂಪು ರಕ್ತಕಣಗಳು ಸುಮಾರು 120 ದಿನ. ಮಿದುಳಿನ ಹೊರಪದರದ ಕತೆ ಬೇರೆ. 1950-60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲ ಏರಿ, ಆಮೇಲೆ ಇಳಿಯುತ್ತಾ ಬಂತು. ಕೋಶ ಹುಟ್ಟುವಾಗ ಅದರ ಡಿಎನ್‌ಎಯಲ್ಲಿ ಆ ಕಾಲದ ಪ್ರಮಾಣ ಉಳಿದುಬಿಡುತ್ತದೆ. ಸ್ವೀಡನ್‌ನ ಜೀವವಿಜ್ಞಾನಿ ಯೋನಾಸ್ ಫ್ರಿಸೆನ್ ತಂಡ 2005ರಲ್ಲಿ ಇದನ್ನೇ ಅಳೆದಾಗ, ಮಿದುಳಿನ ಹೊರಪದರದ ನರಕೋಶಗಳಿಗೆ ಹೆಚ್ಚೂಕಡಿಮೆ ಆ ವ್ಯಕ್ತಿಯಷ್ಟೇ ವಯಸ್ಸಾಗಿತ್ತು. ಹೃದಯದ ಸ್ನಾಯುಕೋಶಗಳೂ ಯೌವನದಲ್ಲಿ ವರ್ಷಕ್ಕೆ ಬದಲಾಗುವುದು ಶೇ 1ರಷ್ಟು ಮಾತ್ರ.

ಇನ್ನು ‘ಹಳೆಯ ನೀವು ಇಲ್ಲ’ ಎಂಬ ತೀರ್ಮಾನ. ಎಲ್ಲ ಕೋಶಗಳು ಬದಲಾದರೂ ಅದು ಸಿದ್ಧವಾಗುವುದಿಲ್ಲ. ಅರಿಸ್ಟಾಟಲ್ ಪರಂಪರೆಯ ತತ್ವಜ್ಞಾನಿಗಳು ಹೇಳುವಂತೆ, ಕಣಗಳನ್ನು ಪಡೆಯುತ್ತ, ಬಿಡುತ್ತ ಎಡೆಬಿಡದೆ ಬದುಕುವ ಒಂದೇ ಜೀವಿಯೇ ವ್ಯಕ್ತಿ. (ಹತ್ತು ವರ್ಷದ ಹಿಂದಿನ ಸಾಲದ ವಿಷಯದಲ್ಲಿ ಈ ಸಂದೇಶವನ್ನು ಯಾವ ಬ್ಯಾಂಕೂ ಒಪ್ಪದು.) ಆತ್ಮ ಇದೆಯೋ ಇಲ್ಲವೋ ಎಂಬುದು ಬೇರೆಯೇ ಚರ್ಚೆ, ಅದಕ್ಕೆ ಈ ಏಳು ವರ್ಷದ ಲೆಕ್ಕ ಸಾಕ್ಷಿಯಾಗದು.