ಎಷ್ಟು ಮಕ್ಕಳು ಬಂದ್ರು?

ಸಿಟ್ಟು ಬಂದಿದೆ. ಒಂದು ಚಹಾ ಕುಡಿದು ಆಮೇಲೆ ಬರೆಯೋಣ ಅಂದುಕೊಂಡೆ. ಚಹಾ ಆರಿತು, ಸಿಟ್ಟು ಆರಲಿಲ್ಲ.

ನಾನು ಎಲ್ಲಿ ಕೆಲಸ ಮಾಡುತ್ತೇನೆ ಅಂತ ನಿಮಗೆಲ್ಲ ಗೊತ್ತು. ಮ್ಯೂಸಿಯಂ ಹೆಸರು ಇಲ್ಲಿ ಬರೆಯುವುದಿಲ್ಲ. ನಾಳೆಯೂ ಅಲ್ಲಿಗೇ ಹೋಗಬೇಕಲ್ಲ. ಬಳ್ಳಾರಿ ಸೀಮೆಯ ಹಳೇ ಕಲ್ಲು, ಮಡಕೆ ಚೂರು, ಬೂದಿ, ಇವನ್ನೆಲ್ಲ ಶಾಲೆ ಮಕ್ಕಳಿಗೆ ತೋರಿಸುವ ಕಾರ್ಯಕ್ರಮ ನನ್ನ ತಲೆ ಮೇಲಿದೆ. ಗೈಡ್‌ಗಳಿಗೆ ಡ್ಯೂಟಿ ಹಾಕುವುದು, ಶಾಲೆಗಳಿಗೆ ಫೋನ್ ಮಾಡುವುದು, ನೀರಿನ ಕ್ಯಾನ್ ತರಿಸುವುದು, ತಿಂಗಳ ಕೊನೆಗೆ ವರದಿ ಕಳಿಸುವುದು. ಹುದ್ದೆ ಹೆಸರು ಮಾತ್ರ ದೊಡ್ಡದು, ಸಂಯೋಜಕಿ! ನಮ್ಮಮ್ಮ ಈಗಲೂ ನೆಂಟರ ಮುಂದೆ "ಮಗಳು ಕಲ್ಲಿನ ಆಫೀಸ್‌ನಲ್ಲಿದ್ದಾಳೆ" ಅನ್ನುತ್ತಾಳೆ. ಅವರು ಯಾವುದೋ ಕ್ವಾರಿ ಇರಬೇಕು ಅಂದುಕೊಂಡು ಸುಮ್ಮನಾಗುತ್ತಾರೆ.

ಇವತ್ತು ಬೆಳಿಗ್ಗೆ ಹತ್ತೂವರೆಗೆ ಮೂರು ಬಸ್ಸು ಬಂದು ನಿಂತವು. ಡಿಸೆಂಬರ್ ಅಂದರೆ ಹಾಗೇ, ಪ್ರವಾಸದ ಕಾಲ. ಶಾಲೆಯಿಂದ ಬಂದ ಪತ್ರದಲ್ಲಿ 60 ಮಕ್ಕಳು ಅಂತಿತ್ತು. ಇಳಿದವರು 140. ನನ್ನ ಹತ್ತಿರ ಇರುವುದು ಮೂವರು ಗೈಡ್‌ಗಳು. ಅದರಲ್ಲಿ ಒಬ್ಬರು ಮಗಳಿಗೆ ಜ್ವರ ಅಂತ ರಜೆ. ಬಸ್ಸಿಂದ ಇಳಿದ ಮಕ್ಕಳಿಗೆ ಮೊದಲು ಬೇಕಾಗುವುದು ಇತಿಹಾಸ ಅಲ್ಲ, ಟಾಯ್ಲೆಟ್. ಈ ಕೆಲಸದಲ್ಲಿ ನಾನು ಕಲಿತ ಮೊದಲ ಪಾಠ ಅದು. ಇರುವ ಒಂದು ಗಂಟೆಯಲ್ಲಿ 20 ನಿಮಿಷ ಅಲ್ಲೇ ಹೋಯಿತು. ಉಳಿದದ್ದರಲ್ಲಿ ಸಾಲು ಮಾಡಿಸಲು ಹತ್ತು ನಿಮಿಷ. "ಕೈ ಕಟ್ರಿ, ಬಾಯಿ ಮುಚ್ರಿ, ಮುಂದೆ ನಡೀರಿ." ಮಕ್ಕಳು ನೋಟ್‌ಬುಕ್ ತೆಗೆದು, ತಲೆ ಬಗ್ಗಿಸಿ, ಗಾಜಿನ ಕೆಳಗಿನ ಚೀಟಿ ಕಾಪಿ ಮಾಡುತ್ತಿದ್ದರು. "ನವಶಿಲಾಯುಗದ ಕೊಡಲಿ" ಅಂತ ಬರೆದುಕೊಂಡ ಹುಡುಗಿಯನ್ನು ಕೇಳಿದೆ, ಕೊಡಲಿ ಯಾವ ಬಣ್ಣ ಇತ್ತು ಪುಟ್ಟಿ? ಅವಳು ನೋಟ್‌ಬುಕ್ ನೋಡಿದಳು. ಬಣ್ಣ ಅಲ್ಲಿರಲಿಲ್ಲ.

ಇಷ್ಟಾದರೆ ಬರೆಯುತ್ತಿರಲಿಲ್ಲ. ಇದು ದಿನಾ ಇದ್ದದ್ದೇ.

ನಮ್ಮ ಒಬ್ಬ ಗೈಡ್ ಹುಡುಗ ಇದ್ದಾನೆ. ಇತಿಹಾಸ ಎಂ.ಎ. ಮಾಡಿದವನು. ಅವನ ಅಪ್ಪ ಕ್ವಾರಿಯಲ್ಲಿ ಕಲ್ಲು ಒಡೆಯುತ್ತಿದ್ದವರು, ಹಾಗಾಗಿ ಇವನಿಗೆ ಕಲ್ಲು ಅಂದರೆ ಪುಸ್ತಕದ ವಿಷಯ ಅಲ್ಲ. ಕಪ್ಪಗಲ್ಲು ಗುಡ್ಡದಲ್ಲಿ ಬಡಿದರೆ ಗಂಟೆ ಹಾಗೆ ಸದ್ದು ಮಾಡುವ ಬಂಡೆಗಳಿವೆ ಅಂತ ನಾನು ಓದಿ ತಿಳಿದವಳು. ಅವನು ಚಿಕ್ಕವನಿದ್ದಾಗಲೇ ಬಡಿದು ಬಂದವನು. ಅವನು ಒಂದು ಬೂದಿಗಟ್ಟಿ ಕೈಯಲ್ಲಿ ಹಿಡಿದು, ಬೂದಿದಿಬ್ಬದ ಬಗ್ಗೆ ಹೇಳುತ್ತಿದ್ದ. ಏಳನೇ ಕ್ಲಾಸಿನ ಒಬ್ಬ ಹುಡುಗ ಸಾಲು ಬಿಟ್ಟು ಹತ್ತಿರ ಬಂದ.

"ಅಣ್ಣಾ, ನಮ್ಮಜ್ಜಿ ಊರು ಕುಡತಿನಿ. ಅಲ್ಲಿ ದೊಡ್ಡ ಬೂದಿಗುಡ್ಡ ಐತಿ. ರಾಕ್ಷಸನ್ನ ಸುಟ್ಟ ಬೂದಿ ಅಂತಾಳ ಅಜ್ಜಿ."

ಗೈಡ್ ನಕ್ಕು, ಅಜ್ಜಿ ಹೇಳಿದ್ದು ಕಥೆ, ಆದರೆ ಸುಟ್ಟ ಬೂದಿ ಅನ್ನುವುದು ನಿಜ ಅಂದ. ಸುಟ್ಟದ್ದು ದನದ ಹೆಂಡಿ, ಅಂದರೆ ಸಗಣಿ. ನಾಲ್ಕು ಸಾವಿರ ವರ್ಷದ ಹಿಂದೆ ಇಲ್ಲಿ ದನ ಸಾಕಿಕೊಂಡಿದ್ದ ಜನ ದೊಡ್ಡಿಯಲ್ಲಿ ಹೆಂಡಿ ರಾಶಿ ಬಿದ್ದಂತೆಲ್ಲ ಸುಟ್ಟರು, ಮತ್ತೆ ರಾಶಿ ಬಿತ್ತು, ಮತ್ತೆ ಸುಟ್ಟರು, ಹಾಗೇ ಬೆಳೆದ ಗುಡ್ಡ ಅದು ಅಂದ. ಹುಡುಗ ಆ ಗಟ್ಟಿಯನ್ನು ಕೈಯಲ್ಲಿ ಹಿಡಿದು, ಉಗುರಿನಿಂದ ಕೆರೆದು ನೋಡಿದ. ಆಮೇಲೆ ಕೇಳಿದ ನೋಡಿ:

"ನಮ್ಮವ್ವ ಕುಳ್ಳು ತಟ್ತಾಳ. ಒಲೆಯಾಗ ಸುಟ್ರ ಬೂದಿ ಮೆತ್ತಗ ಇರ್ತದ, ಊದಿದ್ರ ಹಾರ್ತದ. ಇದ್ಯಾಕ ಕಲ್ಲಾಗೈತಿ?"

ನನಗೆ ಮೈ ಜುಮ್ಮೆಂದಿತು. ನಿಜ ಹೇಳುತ್ತೇನೆ, ಎಂಟು ವರ್ಷದಿಂದ ಆ ಗಟ್ಟಿ ಪಕ್ಕ ಓಡಾಡುತ್ತಿದ್ದೇನೆ, ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ನಾನು ಕುಳ್ಳು, ಅಂದರೆ ಬೆರಣಿ, ತಟ್ಟಿದವಳಲ್ಲ, ಗ್ಯಾಸ್ ಒಲೆ ಮನೆಯವಳು. ಈ ಬೂದಿಗುಡ್ಡಗಳ ಮುಂದೆ ದೊಡ್ಡ ದೊಡ್ಡವರೇ ತಲೆ ಕೆರೆದುಕೊಂಡಿದ್ದಾರೆ. ಹಂಪಿ ಹತ್ತಿರ ನಿಂಬಾಪುರದಲ್ಲಿರುವ ದಿಬ್ಬವನ್ನು ವಾಲಿಯ ಚಿತೆಯ ಬೂದಿ ಅನ್ನುತ್ತಾರೆ. ಬ್ರಿಟಿಷರ ಕಾಲದಲ್ಲಿ ಇದನ್ನು ನೋಡಿದವರೂ ಒಬ್ಬೊಬ್ಬರು ಒಂದೊಂದು ಹೇಳಿದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ನಮ್ಮ ಬಳ್ಳಾರಿ ಗುಡ್ಡಗಳನ್ನೆಲ್ಲ ಸುತ್ತಿ, ಇದು ಶಿಲಾಯುಗದವರ ದನದ ದೊಡ್ಡಿ ಸುಟ್ಟ ಬೂದಿ ಅಂದರು. ಅದು ಗಟ್ಟಿಯಾಗಿ ಒಪ್ಪಿತವಾಗಲು 1957ರವರೆಗೆ ಕಾಯಬೇಕಾಯಿತು. ರಾಯಚೂರಿನಾಚೆ, ಈಗ ತೆಲಂಗಾಣಕ್ಕೆ ಸೇರಿದ ಉಟ್ನೂರಿನಲ್ಲಿ ಪುರಾತತ್ವಜ್ಞ ರೇಮಂಡ್ ಆಲ್ಚಿನ್ ಬೂದಿದಿಬ್ಬ ಅಗೆದಾಗ ದನಗಳ ಗೊರಸಿನ ಗುರುತೇ ಸಿಕ್ಕಿತು. ಇಷ್ಟೆಲ್ಲ ವಿದ್ವಾಂಸರ ದಾರಿಯಲ್ಲೇ, ಒಲೆ ಮುಂದೆ ಕೂತು ಬೂದಿ ಊದಿದ ಹುಡುಗ ನಡೆದು ಬರುತ್ತಿದ್ದ.

ಗೈಡ್ ನೆಲದ ಮೇಲೆ ಕೂತುಬಿಟ್ಟ. ಒಳ್ಳೆ ಪ್ರಶ್ನೆ ಬಂದರೆ ಅವನು ಹಾಗೇ, ಕೂತುಕೊಳ್ಳುತ್ತಾನೆ. ಸುತ್ತ ಹತ್ತು ಹನ್ನೆರಡು ಮಕ್ಕಳೂ ಕೂತರು. ದನ ಏನು ತಿನ್ನುತ್ತದೆ? ಹುಲ್ಲು. ಹುಲ್ಲಿನ ಅಂಚು ಕೈ ಕೊಯ್ಯುತ್ತದೆ, ಯಾಕೆ? ಅದರೊಳಗೆ ಮರಳಿನ ಅಂಶ ಇರುತ್ತದೆ. ಅದು ಹೆಂಡಿಯಲ್ಲೂ ಉಳಿಯುತ್ತದೆ. ಅವ್ವನ ಒಲೆ ಬೆಂಕಿ ಚಿಕ್ಕದು. ಆದರೆ ಗುಡ್ಡದಷ್ಟು ಹೆಂಡಿಗೆ ಬೆಂಕಿ ಹಚ್ಚಿದರೆ... ಮರಳು ಕರಗಿದರೆ ಏನಾಗುತ್ತದೆ ಗೊತ್ತಾ?

"ಗ್ಲಾಸು!" ಹಿಂದಿನಿಂದ ಒಬ್ಬಳು ಕೂಗಿದಳು.

ಅಷ್ಟರಲ್ಲಿ ಪಿ.ಟಿ. ಮೇಷ್ಟ್ರ ಸೀಟಿ.

"ಏಳ್ರಿ ಏಳ್ರಿ! ಟೈಮ್ ಆತು. ಏನು ಕೂತ್ಕೊಂಡು ಹರಟೆ? ಎಲ್ಲಾರೂ ಹೊರಗ ಬರ್ರಿ, ಫೋಟೊ ಐತಿ." ಹೊರಗೆ ಬ್ಯಾನರ್ ಹಿಡಿದಿದ್ದರು. 140 ಮಕ್ಕಳನ್ನು ಮೆಟ್ಟಿಲ ಮೇಲೆ ನಿಲ್ಲಿಸಿ ಫೋಟೊ ತೆಗೆಯಲು ಹಿಡಿದದ್ದು ಕಾಲು ಗಂಟೆ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದವು ಪಾಪ. ಆ ಕಾಲು ಗಂಟೆ ನಮ್ಮ ಹುಡುಗನಿಗೆ ಸಿಕ್ಕಿದ್ದರೆ!

ಸಂಜೆ ಮೇಲಿನಿಂದ ಫೋನ್ ಬಂತು. "ಎಷ್ಟು ಮಕ್ಕಳು ಬಂದ್ರು?"

140 ಅಂದೆ.

"ವೆರಿ ಗುಡ್. ಫೋಟೊ ಕಳಿಸಿ. ಬ್ಯಾನರ್ ಪೂರ್ತಿ ಕಾಣ್ಬೇಕು."

ಆಯಿತು. ನಾಲ್ಕು ಸಾವಿರ ವರ್ಷ, ಕುಡತಿನಿ ಅಜ್ಜಿ, ಅವ್ವನ ಕುಳ್ಳು, ಹಿಂದಿನಿಂದ ಗ್ಲಾಸು ಅಂದ ಹುಡುಗಿ, ಎಲ್ಲ ಸೇರಿ 140.

ನಮ್ಮ ರಿಜಿಸ್ಟರ್ ನೋಡಿದ್ದೀರಾ? ದಿನಾಂಕ, ಶಾಲೆಯ ಹೆಸರು, ಗಂಡು, ಹೆಣ್ಣು, ಒಟ್ಟು, ಸಹಿ. ಕೊನೆಯಲ್ಲಿ ಷರಾ ಅಂತ ಬೆರಳಗಲದ ಒಂದು ಕಾಲಂ. ಅದರಲ್ಲಿ ಎಲ್ಲಾ ಮೇಷ್ಟ್ರೂ ಬರೆಯುವುದು ಒಂದೇ: "ತುಂಬಾ ಚೆನ್ನಾಗಿದೆ." ಏನು ಚೆನ್ನಾಗಿತ್ತು ಸಾರ್? ಟಾಯ್ಲೆಟ್ಟಾ? ಮಕ್ಕಳು ಏನು ಕೇಳಿದರು ಅಂತ ಬರೆಯಲು ಜಾಗವೇ ಇಲ್ಲ. ಯಾವ ಗೈಡ್ ಹೇಳಿದ ಅನ್ನುವುದಕ್ಕೂ ಇಲ್ಲ. ಬೆಳಗಿಂದ ಸಂಜೆವರೆಗೆ ಗಂಟಲು ಹರಿದುಕೊಂಡವನ ಹೆಸರು ವರದಿಯಲ್ಲಿ ಎಲ್ಲೂ ಬರುವುದಿಲ್ಲ. ಅವನಿಗೆ ಕೊಡುವುದು ದಿನದ ಲೆಕ್ಕದ ಗೌರವಧನ. ಅದೂ ಮೂರು ತಿಂಗಳಿಗೊಮ್ಮೆ ಬಂದರೆ ಬಂತು. ಗೌರವ ಎಲ್ಲಿ, ಧನ ಎಲ್ಲಿ, ನೀವೇ ಹುಡುಕಿಕೊಳ್ಳಿ. ಇವತ್ತು ಒಂದೇ ಮಾತನ್ನು ಕನ್ನಡದಲ್ಲೊಮ್ಮೆ, ತೆಲುಗಲ್ಲೊಮ್ಮೆ ಹೇಳಿದ. ಬಳ್ಳಾರಿ ಅಂದರೆ ಹಾಗೇ ಅಲ್ವಾ, ಒಂದೇ ಬೆಂಚಲ್ಲಿ ಮೂರು ಭಾಷೆ ಕೂತಿರುತ್ತವೆ. ಆ ಕೆಲಸಕ್ಕೂ ಕಾಲಂ ಇಲ್ಲ.

ರಾತ್ರಿ ಊಟಕ್ಕೆ ಕೂತಾಗ ನಮ್ಮನೆಯವರ ಮುಂದೆ ಇದನ್ನೆಲ್ಲ ಹೇಳಿದೆ. ಅವರು ಹೈಸ್ಕೂಲ್ ಮೇಷ್ಟ್ರು. ತಟ್ಟನೆ ತಮ್ಮ ಜಾತಿಯವರ ಪರ ನಿಂತರು, ಅಂದರೆ ಮೇಷ್ಟ್ರ ಜಾತಿ. "ನಿನಗೇನು ಗೊತ್ತು? ಬಸ್ ಬಾಡಿಗೆ ಎಷ್ಟು ಗೊತ್ತಾ? ವರ್ಷಕ್ಕೆ ಒಂದೇ ಪ್ರವಾಸ. ಕೋಟೆ ತೋರಿಸಬೇಕು, ಹಂಪಿ ತೋರಿಸಬೇಕು, ಸಂಜೆ ಡ್ಯಾಮಿನ ಕಾರಂಜಿ ಹೊತ್ತಿಗೆ ಹೊಸಪೇಟೆಯಲ್ಲಿರಬೇಕು. ಒಂದು ಮಗು ತಪ್ಪಿಸಿಕೊಂಡರೆ ಯಾರ ತಲೆ ಹೋಗುತ್ತೆ? ಸೀಟಿ ಊದದೆ ಇನ್ನೇನು ಮಾಡ್ತಾರೆ? ಮತ್ತೆ, ಸಂಖ್ಯೆ ತೋರಿಸದಿದ್ದರೆ ನಿಮಗೆ ದುಡ್ಡು ಯಾರು ಕೊಡ್ತಾರೆ?"

ಮಗು ತಪ್ಪಿಸಿಕೊಳ್ಳುವ ಭಯ ನಿಜ, ಒಪ್ಪಿದೆ. 140 ಮಕ್ಕಳನ್ನು ಕರೆದುಕೊಂಡು ಹೋಗುವುದು ಕುರಿ ಕಾಯುವುದಕ್ಕಿಂತ ಕಷ್ಟ. ಕುರಿಗಳು ಐಸ್‌ಕ್ರೀಂ ಕೇಳುವುದಿಲ್ಲ. ಆದರೆ ಉಳಿದದ್ದು ಒಪ್ಪಲಾರೆ. ಒಂದು ದಿನಕ್ಕೆ ಐದು ಜಾಗ ತೋರಿಸಿ ಅಂತ ಯಾರು ಹೇಳಿದ್ದು? ಐದೂ ನೋಡಿ ಒಂದೂ ಕಾಣದೆ ಮನೆಗೆ ಹೋಗುವುದಕ್ಕೆ ಬಸ್ಸು ಯಾಕೆ, ಮೊಬೈಲಿನಲ್ಲೇ ತೋರಿಸಬಹುದಲ್ಲ. ಮಸ್ಕಿ ಶಾಸನದ ಪ್ರಶ್ನೆ ಪರೀಕ್ಷೆಗೆ ಬಂದರೆ ನಮ್ಮ ಕಡೆ ಮಕ್ಕಳು ಕಣ್ಣು ಮುಚ್ಚಿ ಬರೆಯುತ್ತಾರೆ: 1915ರಲ್ಲಿ ಸಿಕ್ಕಿತು, ಅಶೋಕನ ಹೆಸರಿದೆ. ಬಂಗಾರ ಹುಡುಕಲು ಬಂದ ಬೀಡನ್ ಅನ್ನುವ ಎಂಜಿನಿಯರ್ ಕಣ್ಣಿಗೆ ಬಿತ್ತು ಅಂತ ಹೇಳಿದರೆ ಮಾತ್ರ ಬಾಯಿ ತೆರೆದು ಕೇಳುತ್ತಾರೆ. ಅದು ಪರೀಕ್ಷೆಗೆ ಬರುವುದಿಲ್ಲ ನೋಡಿ. ಕೊಪ್ಪಳದ ಗವಿಮಠದ ಜಾತ್ರೆಗೆ ಲಕ್ಷ ಲಕ್ಷ ಜನ ಹೋಗುತ್ತೇವೆ, ನಾನೂ ಹೋಗಿದ್ದೇನೆ, ರೊಟ್ಟಿ ಊಟ ಮಾಡಿ ಬಂದಿದ್ದೇನೆ. ಅದೇ ಗವಿಮಠದ ಬಂಡೆ ಮೇಲೂ ಅಶೋಕನ ಶಾಸನ ಇದೆ ಅಂತ ನನಗೆ ಗೊತ್ತಾಗಿದ್ದು ಈ ಕೆಲಸಕ್ಕೆ ಸೇರಿದ ಮೇಲೆ. ಅಲ್ಲಿವರೆಗೆ ನಾನೂ ಬರೀ ಲೆಕ್ಕಕ್ಕೆ ಸಿಕ್ಕವಳು.

ಸಂಖ್ಯೆಯ ಮಾತಿಗೆ ಬಂದರೆ, ದುಡ್ಡು ಸಂಖ್ಯೆಗೇ ಬರುತ್ತದೆ, ಗೊತ್ತು. ಆ ಸಂಖ್ಯೆಯ ಕಥೆಯನ್ನೂ ಹೇಳಿಬಿಡುತ್ತೇನೆ. ಮೇ 18 ಅಂತರರಾಷ್ಟ್ರೀಯ ಮ್ಯೂಸಿಯಂ ದಿನ. 1977ರಿಂದ ಜಗತ್ತೆಲ್ಲ ಆಚರಿಸುತ್ತಾರೆ. ಈ ದಿನ ಗೊತ್ತು ಮಾಡಿದವರು ಬಳ್ಳಾರಿ ಬಿಸಿಲು ಕಂಡವರಲ್ಲ. ಮೇ 18ಕ್ಕೆ ಇಲ್ಲಿ ಕಾಗೆಗಳೂ ನೆರಳು ಬಿಟ್ಟು ಬರುವುದಿಲ್ಲ, ಶಾಲೆಗಳಿಗೆ ಬೇಸಿಗೆ ರಜೆ. ಆದರೂ "ಮಕ್ಕಳಿಗಾಗಿ ವಿಶೇಷ ಕಾರ್ಯಕ್ರಮ" ಮಾಡಲೇಬೇಕು. ಒಂದು ವರ್ಷ ಎಷ್ಟು ಹುಡುಕಿದರೂ 30 ಮಕ್ಕಳು ಸೇರಲಿಲ್ಲ. ಆಗ ಅತಿಥಿಗಳು, ಅವರ ಹಿಂದೆ ಬಂದವರು, ಶಾಮಿಯಾನ ಹಾಕಿದವರು, ಜೀಪಿನ ಡ್ರೈವರ್‌ಗಳು, ಎಲ್ಲರನ್ನೂ ಸೇರಿಸಿ 112 ಅಂತ ಬರೆದು ಸಹಿ ಮಾಡಿದವರು ಯಾರು? ನಾನೇ. ಮೇಲಿನವರು ಕೇಳಿದ್ದು ಅದೇ ಪ್ರಶ್ನೆ, ನಾನು ಕೊಟ್ಟದ್ದು ಅವರಿಗೆ ಬೇಕಾದ ಉತ್ತರ. ವೆರಿ ಗುಡ್ ಅಂದರು. ಖುಷಿಯೂ ಆಗಿತ್ತು ನನಗೆ, ಥೂ.

ಇದಕ್ಕಿಂತ ಕೆಟ್ಟದ್ದು ಒಂದಿದೆ. ಬರೆಯಬೇಕೋ ಬೇಡವೋ ಅಂತ ಸಂಜೆಯಿಂದ ಯೋಚಿಸುತ್ತಿದ್ದೇನೆ.

ಮೊದಲು ನಮ್ಮಲ್ಲಿ ಒಬ್ಬಳು ಗೈಡ್ ಇದ್ದಳು. ಮೆತ್ತಗೆ ಮಾತಾಡುತ್ತಿದ್ದಳು. ಒಂದು ದಿನ ಯಾವುದೋ ಹಳ್ಳಿ ಶಾಲೆಯಿಂದ 11 ಮಕ್ಕಳು ಟಂಟಂ ಆಟೊ ಮಾಡಿಕೊಂಡು ಬಂದರು. ಅವಳು ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಕರಿಕಲ್ಲಿನ ತುಂಡು ಕೊಟ್ಟು, ಬಂಡೆ ಮೇಲೆ ಮರಳು ನೀರು ಹಾಕಿ ಉಜ್ಜಿಸಿದಳು. ಬಳ್ಳಾರಿ ಹತ್ತಿರದ ಸಂಗನಕಲ್ಲಿನ ಹಿರೇಗುಡ್ಡದಲ್ಲಿ ನವಶಿಲಾಯುಗದ ಜನ ಕೊಡಲಿ ಮಾಡುತ್ತಿದ್ದದ್ದು ಹೀಗೇ. ಮೊದಲು ಒಡೆದು ಆಕಾರ, ಆಮೇಲೆ ಕುಟ್ಟಿ ಸಮ ಮಾಡುವುದು, ಕೊನೆಗೆ ಉಜ್ಜಿ ಉಜ್ಜಿ ನುಣುಪು. ಅವರು ಉಜ್ಜಿದ ಗುಳಿಗಳು ಈಗಲೂ ಅಲ್ಲಿನ ಬಂಡೆ ಮೇಲಿವೆ. ಮಕ್ಕಳು ಒಂದೂವರೆ ಗಂಟೆ ಉಜ್ಜಿದರು. ಅಂಗೈ ಕೆಂಪಾಯಿತು, ಕಲ್ಲು ಒಂದು ಕೂದಲೆಳೆಯಷ್ಟೂ ಸವೆಯಲಿಲ್ಲ. "ಹಂಗಾರ ಒಂದು ಕೊಡಲಿಗೆ ಎಷ್ಟು ದಿನ ಬೇಕು?" ಅಂತ ಕೇಳುತ್ತಿದ್ದರು. ಅದೇ ಹೊತ್ತಿಗೆ ಮುಂದಿನ ಬಾಗಿಲಿಗೆ ಎರಡು ಬಸ್ಸು ಬಂತು, ನೋಡಿಕೊಳ್ಳಲು ಯಾರೂ ಇಲ್ಲ. ನಾನು ಹಿತ್ತಲಿಗೆ ಹೋಗಿ, ಆ ಮಕ್ಕಳ ಎದುರಿಗೇ ಅವಳ ಮೇಲೆ ಕೂಗಾಡಿದೆ. "ಹನ್ನೊಂದು ಮಕ್ಕಳಿಗೆ ಒಂದೂವರೆ ಗಂಟೆಯಾ? ವರದಿಯಲ್ಲಿ ಹನ್ನೊಂದು ಅಂತ ಬರೀಲಾ?"

ಅವಳು ಏನೂ ಅನ್ನಲಿಲ್ಲ. ಮಕ್ಕಳ ಕೈಯಿಂದ ಕಲ್ಲು ಒಂದೊಂದೇ ಇಸಿದುಕೊಂಡಳು.

ಎರಡು ತಿಂಗಳಿಗೆ ಕೆಲಸ ಬಿಟ್ಟಳು. ಈಗ ಒಂದು ಬಟ್ಟೆ ಅಂಗಡಿಯಲ್ಲಿದ್ದಾಳೆ, ಸಂಬಳ ತಿಂಗಳ ಮೊದಲ ವಾರಕ್ಕೆ ಸರಿಯಾಗಿ ಬರುತ್ತದಂತೆ. ದಸರಾಕ್ಕೆ ಸೀರೆ ತರಲು ಹೋದಾಗ ಸಿಕ್ಕಳು. "ಮೇಡಂ, ಚೆನ್ನಾಗಿದ್ದೀರಾ" ಅಂತ ಕೇಳಿ, ಹತ್ತು ಸೀರೆ ಬಿಚ್ಚಿ ತೋರಿಸಿದಳು, ಒಂದೊಂದರ ನೇಯ್ಗೆ ಹೇಳಿದಳು. ಅಲ್ಲೂ ಅವಳು ಗೈಡೇ. ನನಗೆ ಕಣ್ಣೆತ್ತಿ ನೋಡಲಾಗಲಿಲ್ಲ, ಕೈಗೆ ಸಿಕ್ಕಿದ್ದು ತೆಗೆದುಕೊಂಡು ಬಂದೆ. ಆ ಸೀರೆ ಇನ್ನೂ ಉಟ್ಟಿಲ್ಲ.

ಹಾಗಾಗಿ ಪಿ.ಟಿ. ಮೇಷ್ಟ್ರ ಸೀಟಿಗೆ ನನಗೆ ಇಷ್ಟು ಸಿಟ್ಟು ಬಂದದ್ದು ಯಾಕೆ ಅಂತ ನನಗೇ ಅನುಮಾನ ಇದೆ. ನಮ್ಮನೆಯವರು ಇದನ್ನು ಓದಿದರೆ "ನಾನು ಹೇಳಲಿಲ್ವಾ" ಅನ್ನುತ್ತಾರೆ. ಅನ್ನಲಿ ಬಿಡಿ. ನನ್ನದೂ ತಪ್ಪು ಅಂದಮಾತ್ರಕ್ಕೆ ಅವರದು ಸರಿಯಾಗುತ್ತದಾ?

ಮ್ಯೂಸಿಯಂ ಬಾಗಿಲು ಹಾಕುವಾಗ ಗೈಡ್ ಹುಡುಗ ಬಂದು ನಿಂತ. "ಮೇಡಂ, ಆ ಶಾಲೆ ನಂಬರ್ ಇದೆಯಾ? ಆ ಹುಡುಗನಿಗೆ ಗ್ಲಾಸಿನ ತನಕ ಹೇಳಿದೆ. ಕುಡತಿನಿಗೆ ಹೋದಾಗ ಬೂದಿಯಲ್ಲಿ ಗಾಜಿನ ಹಾಗೆ ಹೊಳೆಯೋ ಗಟ್ಟಿ ಹುಡುಕು ಅಂತ ಹೇಳೋದಿತ್ತು." ನಂಬರ್ ಇತ್ತು. ಫೋನ್ ಮಾಡಿದೆ. ಬಸ್ಸಿನಲ್ಲಿ ಹಾಡು ಜೋರಾಗಿತ್ತು, ಮೇಷ್ಟ್ರು ಎರಡು ಸಲ ಹಲೋ ಹಲೋ ಅಂದರು. ಏಳನೇ ಕ್ಲಾಸಿನ ಹುಡುಗ ಸಾರ್, ಬೂದಿ ಬಗ್ಗೆ ಕೇಳಿದವನು ಅಂದೆ.

"ಯಾವ ಹುಡುಗ ಮೇಡಂ? ನೂರಾ ನಲವತ್ತು ಹುಡುಗರದಾರ."

ಹೆಸರು ಕೇಳಿಕೊಂಡಿರಲಿಲ್ಲ ನಾವು. ನಾನೂ ಕೇಳಿರಲಿಲ್ಲ, ಅವನೂ ಕೇಳಿರಲಿಲ್ಲ.

ನಿಮ್ಮಲ್ಲಿ ಯಾರಿಗಾದರೂ ಪರಿಚಯದ ಮಕ್ಕಳು ಇವತ್ತು ಪ್ರವಾಸ ಹೋಗಿ, ಮನೆಗೆ ಬಂದು ಹೆಂಡಿ, ಗ್ಲಾಸು ಅಂತ ಏನಾದರೂ ಮಾತಾಡಿದ್ದರೆ ನನಗೆ ಒಂದು ಮೆಸೇಜ್ ಹಾಕಿ. ತಮಾಷೆಗೆ ಹೇಳುತ್ತಿಲ್ಲ.

ನಾಳೆ ಹನ್ನೊಂದಕ್ಕೆ ಮತ್ತೆ ಎರಡು ಬಸ್ಸು. ಪತ್ರದಲ್ಲಿ 50 ಅಂತಿದೆ, ಅಂದರೆ 100. ಜ್ವರದ ಮಗಳಿರುವ ಗೈಡ್ ನಾಳೆಯೂ ಬರುವುದಿಲ್ಲವಂತೆ. ಒಂದು ಗುಂಪಿಗೆ ನಾನೇ ನಿಲ್ಲಬೇಕು. ಬೂದಿಗಟ್ಟಿ ತೆಗೆದು ಹೊರಗಿಡಲು ಹೇಳಿದ್ದೇನೆ. ನೀರಿನ ಕ್ಯಾನ್‌ಗೆ ಇನ್ನೂ ಹೇಳಿಲ್ಲ.