ಹತ್ತು ಸಾಲಿಗೆ ಹೊಸ ಸರ್ವರ್

‘ಸರ್ವರ್ ಡೌನ್ ಇದೆ, ನಾಳೆ ಬನ್ನಿ.’ ಪಹಣಿಗೆ ಹೋದರೂ ಇದೇ, ಜಾತಿ ಪ್ರಮಾಣಪತ್ರಕ್ಕೆ ಹೋದರೂ ಇದೇ, ಪಡಿತರಕ್ಕೆ ಹೆಬ್ಬೆಟ್ಟು ಒತ್ತಿದರೂ ಇದೇ. ಹಿಂದೆಲ್ಲ ‘ಸಾಹೇಬ್ರು ಮೀಟಿಂಗಲ್ಲಿದ್ದಾರೆ’ ಅನ್ನುತ್ತಿದ್ದರು. ಸಾಹೇಬರಾದರೋ ಸಂಜೆಯೊಳಗೆ ಒಮ್ಮೆ ಮುಖ ತೋರಿಸುತ್ತಿದ್ದರು.

ಪಾಪ, ಈ ಸರ್ವರ್ ಯಾಕೆ ಪದೇ ಪದೇ ಮಲಗುತ್ತದೆ? ಗುಮಾಸ್ತರ ಪರದೆ ನೋಡಿ. ‘ನಿಂಗಪ್ಪ’ ಎಂದು ಟೈಪಿಸಿ ಎಂಟರ್ ಒತ್ತುತ್ತಾರೆ. ಚಕ್ರ ತಿರುಗುತ್ತದೆ, ಗುಮಾಸ್ತರು ಚಹಾಕ್ಕೆ ಹೊರಡುತ್ತಾರೆ. ಪರದೆಯಲ್ಲಿ ಹಿಡಿಯುವುದು ಹತ್ತೇ ಸಾಲು. ಆದರೆ ಒಳಗಿನ ಪ್ರೋಗ್ರಾಮು ‘ಸೆಲೆಕ್ಟ್ ಸ್ಟಾರ್’ (ಇದ್ದಬದ್ದ ಕಾಲಮ್ಮೆಲ್ಲ ಕೊಡು) ಎಂದು ರಾಜ್ಯದ ಅಷ್ಟೂ ನಿಂಗಪ್ಪರನ್ನು, ಅವರ ತಂದೆಯ ಹೆಸರು, ವಿಳಾಸ, ಫೋಟೊ ಸಮೇತ ಎಳೆದು ತರಿಸಿ, ಹತ್ತು ಮಂದಿಯನ್ನು ಇಟ್ಟುಕೊಂಡು ಮಿಕ್ಕವರನ್ನು ಬಿಸಾಡುತ್ತದೆ. ಚಿಟಿಕೆ ಉಪ್ಪಿಗೆ ಅಂಗಡಿಯನ್ನೇ ಲಾರಿಗೆ ಹೇರಿ ತರಿಸಿದ ಹಾಗೆ.

ಕೊನೆಯಲ್ಲಿ ‘ಲಿಮಿಟ್ 10’, ಅಂದರೆ ಹತ್ತೇ ಸಾಲು ಸಾಕು, ಎಂದು ಸೇರಿಸಿದ್ದರೆ ಸಾಕಿತ್ತು. ಮಾಹಿತಿ ಕೂಡಿಡುವ ಡೇಟಾಬೇಸುಗಳಲ್ಲಿ ಈ ಪದ ಬೇರೆಬೇರೆ: ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್‌ನಲ್ಲಿ ಲಿಮಿಟ್, ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಟಾಪ್. ಒರಾಕಲ್‌ನಲ್ಲಿ 2013ರ 12ಸಿ ಆವೃತ್ತಿ ಬರುವ ತನಕ ರೋನಮ್ (ಸಾಲಿನ ನಂಬರು) ಹಿಡಿದು ಹೆಣಗಾಟ, ಆಮೇಲೆ ಫೆಚ್ ಫಸ್ಟ್. ಒಬ್ಬೊಬ್ಬರದು ಒಂದೊಂದು ಮಡಿ, ಕೆಲಸ ಒಂದೇ.

ಆದರೆ ಒಂದು ಪದಕ್ಕೆ, ಒಂದು ಅಂಕಿಗೆ ಟೆಂಡರ್ ಕರೆಯಲಾದೀತೇ? ಟೇಪು ಕತ್ತರಿಸಲಾದೀತೇ? ಹಾಗಾಗಿ ಹೊಸ ಸರ್ವರ್ ಬರುತ್ತದೆ. ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟು, ಫೋಟೊ ತೆಗೆಸಿಕೊಂಡದ್ದೂ ಆಯಿತು. ಅದೂ ಅಷ್ಟೂ ನಿಂಗಪ್ಪರನ್ನೇ ಹೊತ್ತು ತರುತ್ತದೆ, ಹೊಸ ಹುರುಪಿನಲ್ಲಿ.

ಕೊನೆಗೊಬ್ಬ ಗುತ್ತಿಗೆ ಹುಡುಗ, ಸಂಬಳ ಬಾರದ ಬೇಸರದಲ್ಲೋ ಏನೋ, ಲಿಮಿಟ್ ಹಾಕಿಯೇಬಿಟ್ಟ. ಸಾಲುಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕೆಂದು ಹೇಳುವ ಆರ್ಡರ್ ಬೈ ಹಾಕುವುದನ್ನು ಮರೆತ. ಯಾವ ಹತ್ತು ಸಾಲು ಬರುತ್ತದೆ ಎಂಬುದು ಈಗ ಡೇಟಾಬೇಸಿನ ಮರ್ಜಿ: ಬೆಳಿಗ್ಗೆ ಕಂಡ ನಿಂಗಪ್ಪ ಮಧ್ಯಾಹ್ನ ನಾಪತ್ತೆ. ಆರ್ಡರ್ ಬೈ ಹಾಕಿಸಿದರು. ಜೋಡಿಸಲು ಹಿಡಿದ ಕಾಲಮ್ಮಿಗೆ ಇಂಡೆಕ್ಸ್, ಅಂದರೆ ಪುಸ್ತಕದ ಹಿಂದಿನ ಪದಸೂಚಿಯಂಥ ಪಟ್ಟಿ, ಇರಲಿಲ್ಲ. ಹತ್ತು ಕೊಡುವ ಮೊದಲು ಅಷ್ಟನ್ನೂ ಓದಿ ಹೋಲಿಸಿ ನೋಡಬೇಕು. ಮತ್ತೆ ಚಹಾ. ಮುಂದಿನ ಪುಟಗಳಿಗೆ ಹುಡುಗ ಆಫ್‌ಸೆಟ್ (ಇಷ್ಟು ಸಾಲು ಬಿಟ್ಟು ಮುಂದಿನದು ಕೊಡು) ಹಾಕಿದ. ನಾಲ್ಕು ಸಾವಿರನೇ ಪುಟ ಕೇಳಿದರೆ ಹಿಂದಿನ ಪುಟಗಳ ಸಾಲುಗಳನ್ನೆಲ್ಲ ಒಂದೊಂದಾಗಿ ಎಣಿಸಿ ಎಸೆದೇ ಅಲ್ಲಿಗೆ ಮುಟ್ಟುವುದು. ‘ಕೊನೆಗೆ ಕಂಡ ನಂಬರಿನ ಮುಂದಿನ ಹತ್ತು ಕೊಡು’ ಎಂದು ಇಂಡೆಕ್ಸ್ ಹಿಡಿದು ಕೇಳಿದ್ದರೆ ನೇರ ಅಲ್ಲಿಗೇ ಹೋಗುತ್ತಿತ್ತು. ಅಷ್ಟರಲ್ಲಿ ಹುಡುಗನ ಗುತ್ತಿಗೆಯೇ ಮುಗಿದಿತ್ತು.

ಇಲಾಖೆಗೆ ಲಿಮಿಟ್ ಗೊತ್ತಿಲ್ಲ ಅನ್ನಬೇಡಿ. ಬಾಗಿಲಿಗೆ ಬೋರ್ಡ್ ನೇತು ಹಾಕಿದ್ದಾರೆ: ‘ದಿನಕ್ಕೆ 50 ಟೋಕನ್ ಮಾತ್ರ’. ಅದಕ್ಕೆ ಆರ್ಡರ್ ಬೈ ಕೂಡ ಇದೆ: ಮೊದಲು ಎಮ್ಮೆಲ್ಲೆ ಚೀಟಿ ತಂದವರು, ಆಮೇಲೆ ಏಜೆಂಟರ ಕಡೆಯವರು. ಬೆಳಗಿನ ಜಾವವೇ ಬಂದು ನಿಂತ ನಿಂಗಪ್ಪನಂಥವರೆಲ್ಲ ಆಫ್‌ಸೆಟ್. ಅವರನ್ನು ಎಣಿಸಿ, ಮನೆಗೆ ಕಳಿಸಲಾಗುತ್ತದೆ.