ಮಿರ್ಚಿ ಎಣ್ಣೆಗೆ ಸಿಕ್ಕ ಫ್ಯಾಂಟಮ್

ದಾವಣಗೆರೆಯಲ್ಲಿ ಕಾಮಿಕ್ಸ್ ಕೂಡಿಡೋರಿಗೆ ಗೆದ್ದಲಿಗಿಂತ ದೊಡ್ಡ ಶತ್ರು ಮಿರ್ಚಿ. ಸಂಜೆ ಮನೆಗೆ ಮಂಡಕ್ಕಿ-ಮಿರ್ಚಿ ಬಂತು ಅಂದ್ರೆ ಕೆಳಗೆ ಹಾಸೋಕೆ ಒಂದು ಪೇಪರ್ ಬೇಕು. ಕೈಗೆ ಸಿಗೋದು, ಓದ್ತಾ ಬೋರಲು ಹಾಕಿದ್ದ ಇಂದ್ರಜಾಲ ಕಾಮಿಕ್ಸೇ. 1964ರಲ್ಲಿ ಶುರುವಾಗಿ 1990ರಲ್ಲಿ ನಿಂತುಹೋದ ಮಾಲಿಕೆ ಇದು ಅಂತ ಅತ್ತಿಗೆಗೆ ಹೇಳಿ ನೋಡಿ. "ಅದಕ್ಕೇ ತಗೊಂಡೆ, ಹಳೇದಲ್ವಾ" ಅಂತಾರೆ.

ಎಣ್ಣೆ ಬಿದ್ದರೆ ಬಟ್ಟೆ ತಂದು ಉಜ್ಜಬೇಡಿ, ರೂಪಾಯಿ ಅಗಲದ ಕಲೆ ಬೆಣ್ಣೆದೋಸೆ ಅಗಲ ಆಗುತ್ತೆ. ಪುಟದ ಎರಡೂ ಕಡೆ ಮುಖಕ್ಕೆ ಹಾಕೋ ಪೌಡರ್ ಉದುರಿಸಿ, ಮೇಲೊಂದು ಕೆಳಗೊಂದು ಬಿಳಿ ಹಾಳೆ ಇಟ್ಟು, ದಪ್ಪ ನಿಘಂಟು ಹೇರಿ ಒಂದು ದಿನ ಬಿಡಿ. ಆಮೇಲೆ ಮೆತ್ತನೆ ಬ್ರಷ್ಷಲ್ಲಿ ಕೊಡವಿ ಇನ್ನೊಂದು ಸಲ ಹಾಗೇ ಮಾಡಿ. ಹಸಿ ಕಲೆಯಾದ್ರೆ ತಕ್ಕಮಟ್ಟಿಗೆ ತೆಳುವಾಗುತ್ತೆ. ತಿಂಗಳಾಗಿದ್ರೆ ಕೈಬಿಡಿ: ಇಂದ್ರಜಾಲದ ಮುಸುಕುಧಾರಿ ನಾಯಕ ಫ್ಯಾಂಟಮ್ಮಿನ ಹೊಟ್ಟೆಯೊಳಗಿಂದ ಹಿಂದಿನ ಪುಟದ ಜಾಹೀರಾತು ಇಣುಕ್ತಾನೇ ಇರುತ್ತೆ.

ತುಕ್ಕು ಹಿಡಿದ ಪಿನ್ನನ್ನ ಹೊರಗಿನಿಂದ ಎಳೆದರೆ ರಕ್ಷಾಪುಟವೂ ಜೊತೇಲಿ ಬರುತ್ತೆ. 32 ಪುಟದ ಅಮರ ಚಿತ್ರಕಥೆಯಾದ್ರೆ 16-17ರ ನಡುವೆ ತೆರೆದು, ಮಡಚಿದ ಕಾಲುಗಳನ್ನ ಮೊಂಡು ಚಾಕುವಿನಿಂದ ನೆಟ್ಟಗೆ ಮಾಡಿ, ಒಳಗಿನಿಂದ ಹೊರಕ್ಕೆ ತಳ್ಳಿ. ಅದೇ ತೂತುಗಳಲ್ಲಿ ಬಿಳಿ ಹತ್ತಿ ದಾರ ಪೋಣಿಸಿ ಒಳಗಡೆ ಗಂಟು ಹಾಕಿ. ಹೊಸ ಪಿನ್ನು ಹೊಡೆದರೆ ಇನ್ನೊಂದಿಷ್ಟು ವರ್ಷಕ್ಕೆ ಇದೇ ಕಥೆ.

ಉಪಕಾರ ಮಾಡೋಕೆ ಬರೋರ ಕಾಟ ಬೇರೆ. ಹರಿದ ಪುಟಕ್ಕೆ ದೊಡ್ಡಪ್ಪ ಸೆಲೋ ಟೇಪ್ ಅಂಟಿಸ್ತಾರೆ. ಕೆಲವು ವರ್ಷಕ್ಕೆ ಪ್ಲಾಸ್ಟಿಕ್ ಉದುರಿ ಹೋಗುತ್ತೆ, ಗೋಂದು ಮಾತ್ರ ಕಾಗದಕ್ಕಿಳಿದು ಕಂದು ಪಟ್ಟಿಯಾಗಿ ಕೂರುತ್ತೆ. ಬೈಂಡಿಂಗಿಗೆ ಕೊಟ್ಟರೋ, ಮೈಲುತುತ್ತ ಬೆರೆಸಿದ ಅಂಟಿಗೆ ಹುಳ ಹತ್ತಲ್ಲ ನಿಜ, ಆದ್ರೆ ಅಡ್ಡಹೊಲಿಗೆ ಒಳಗಿನ ಚಿತ್ರ ನುಂಗುತ್ತೆ, ಕಟಿಂಗ್ ಮಷಿನ್ ಹೊರಗಿನ ಮಾತು ಕತ್ತರಿಸುತ್ತೆ. ರಾವಣ ಏನೋ ಗರ್ಜಿಸ್ತಾನೆ, ಅರ್ಧ ಮಾತು ಬೈಂಡರ್ ಅಂಗಡೀಲೇ ಉಳಿದಿರುತ್ತೆ. 'ಕಟಿಂಗ್ ಬೇಡ, ಮಧ್ಯದ ಮಡಿಕೇಲೇ ಹೊಲಿಗೆ' ಅಂತ ಚೀಟಿ ಬರೆದು ಒಳಗಿಡಿ.

ಇನ್ನು ನಂಬರಿನ ಹುಚ್ಚು. ಅಮರ ಚಿತ್ರಕಥೆಯ 'ಕೃಷ್ಣ'ದ ನಂಬರ್ 11, ಮರುಮುದ್ರಣದಲ್ಲಿ 501. ಅದಕ್ಕೂ ಮುಂಚಿನ ಹತ್ತು ವಿದೇಶಿ ಕಿನ್ನರ ಕಥೆಗಳು, ಬಂದದ್ದು ಕನ್ನಡದಲ್ಲೇ. "ಮೊದಲ ಹತ್ತು ಕಳಕೊಂಡ್ರಾ?" ಅಂತ ನೆಂಟರು ಕೇಳ್ತಾರೆ. ಕಳಕೊಳ್ಳೋಕೆ ಸಿಕ್ಕಿದ್ರೆ ತಾನೆ.

ಅಟ್ಟದ ಟ್ರಂಕು ಹಬ್ಬದ ಮುಂಚೆ ಹಗುರಾಗಿದ್ರೆ ಕೂಗಾಡಬೇಡಿ, ಅದೇ ಸಂಜೆ ರದ್ದಿ ಅಂಗಡಿಗೆ ಓಡಿ. ಬೆಳಗಾದ್ರೆ ಬಂಡಲು ಮಂಡಕ್ಕಿ ಅಂಗಡಿ ಸೇರಿರುತ್ತೆ. ಅಲ್ಲೂ ಪೊಟ್ಟಣ ಬಿಚ್ಚಿದ ಮೇಲೆ ಕಾಗದ ಒಮ್ಮೆ ತಿರುಗಿಸಿ ನೋಡಿ. ಮೂಲೇಲಿ ಒಂದಂಕಿ ನಂಬರ್ ಕಂಡ್ರೆ ಮಂಡಕ್ಕಿ ನೆಲಕ್ಕೆ ಸುರಿದರೂ ನಷ್ಟವಿಲ್ಲ.